ಬೆಳೆಯುತ್ತ ಸೊರಗಿದ ಒಂದು ಕಥಾಮಾಲೆ

'ಮುಂದೇನಾಯಿತು?' ಎಂಬ ಪ್ರಶ್ನೆಯೇ ಕಥೆಯ ಜೀವಾಳ. ಅಜ್ಜಿಕಥೆ ಕೇಳುವ ಮಗುವಿನಿಂದ ಹಿಡಿದು ದಪ್ಪ ಕಾದಂಬರಿ ಓದುವ ಪ್ರೌಢ ವಾಚಕನವರೆಗೆ ಎಲ್ಲರನ್ನೂ ಹಿಡಿದು ಕೂರಿಸುವುದು ಅದೇ. ಆದರೆ ಒಂದೇ ಕಥೆಗೆ ವರ್ಷ ವರ್ಷವೂ ಬಾಲ ಬೆಳೆಯುತ್ತ ಹೋದರೆ, ಅದನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ವಾಚಕನೇ ಒಂದು ದಿನ ಬೇಸತ್ತು ಪುಸ್ತಕ ಮುಚ್ಚುವುದುಂಟು. ಆ ಬೇಸರ ಏಕೆ ಹುಟ್ಟುತ್ತದೆ? ಅದು ನ್ಯಾಯವಾದುದೆ? ಅಮೆರಿಕದ ಲೇಖಕಿ ಆ್ಯನ್ ರೈಸ್ ಅವರು ಬರೆದ ವ್ಯಾಂಪೈರ್ ಕಾದಂಬರಿಗಳ ಮಾಲೆಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ವ್ಯಾಂಪೈರ್ ಎಂದರೆ ಸತ್ತೂ ಸಾಯದೆ, ಇರುಳಿನಲ್ಲಿ ಎದ್ದು, ಮನುಷ್ಯರ ರಕ್ತ ಹೀರಿ ಬಾಳುವ ಪಿಶಾಚಿ. ಯುರೋಪಿನ ಹಳ್ಳಿಗರ ನಂಬಿಕೆಗಳಲ್ಲಿ ಹುಟ್ಟಿದ ಕಲ್ಪನೆ ಇದು. ದಾರಿಹೋಕರಲ್ಲಿ ಸುಣ್ಣ ಕೇಳುವ ಯಕ್ಷಿಯ ಕಥೆಯನ್ನು ಕೇಳಿ ಬೆಳೆದ ನಮ್ಮ ಕಾಸರಗೋಡಿನ ಮಕ್ಕಳಿಗೆ ಇದು ತೀರ ಅಪರಿಚಿತವೆನಿಸದು. ರಿಚರ್ಡ್ ಬರ್ಟನ್ ಎಂಬ ಆಂಗ್ಲ ಪಂಡಿತನು 1870ರಲ್ಲಿ ನಮ್ಮ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದಾಗ 'ವಿಕ್ರಮ್ ಅಂಡ್ ದ ವ್ಯಾಂಪೈರ್' ಎಂದೇ ಹೆಸರಿಟ್ಟನು. 1897ರಲ್ಲಿ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಪ್ರಕಟವಾಯಿತು. ಅಲ್ಲಿ ಪಿಶಾಚಿಯನ್ನು ನಾವು ಕಾಣುವುದು ಅದಕ್ಕೆ ಹೆದರಿದವರ ದಿನಚರಿ, ಪತ್ರಗಳ ಮೂಲಕ.

ಆ್ಯನ್ ರೈಸ್ ಇದನ್ನು ತಿರುಗಿಸಿದರು. 1976ರಲ್ಲಿ ಬಂದ ಅವರ 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್' ಕಾದಂಬರಿಯಲ್ಲಿ ಲೂಯಿ ಎಂಬ ವ್ಯಾಂಪೈರನೇ ತನ್ನ ಬಾಳಿನ ವೃತ್ತಾಂತವನ್ನು ಒಬ್ಬ ತರುಣನಿಗೆ ಹೇಳುತ್ತಾನೆ. ಕೊಂದೇ ಬದುಕಬೇಕು, ಕೊಲ್ಲಲು ಮನಸ್ಸಿಲ್ಲ. ಇದೇ ಅವನ ಸಂಕಟ. ಅವನನ್ನು ವ್ಯಾಂಪೈರನಾಗಿಸಿದವನು ಲೆಸ್ಟಾಟ್. ಇವರಿಬ್ಬರ ನಡುವೆ ಕ್ಲಾಡಿಯಾ ಎಂಬ ಹುಡುಗಿ. ಐದನೆಯ ವಯಸ್ಸಿನಲ್ಲೇ ವ್ಯಾಂಪೈರ್ ಆದ ಅವಳ ಬುದ್ಧಿ ಬಲಿಯುತ್ತದೆ, ದೇಹ ಬೆಳೆಯುವುದಿಲ್ಲ. ಲೇಖಕಿಯ ಮಗಳು ಆರು ವರ್ಷ ತುಂಬುವ ಮೊದಲೇ, 1972ರಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಇದನ್ನು ತಿಳಿದು ಓದಿದಾಗ, ಭೂತದ ಕಥೆಯೆಂದು ಕೈಗೆತ್ತಿಕೊಂಡ ಪುಸ್ತಕವು ಪುತ್ರಶೋಕದ ಕಥೆಯಾಗಿ ನಮ್ಮ ಮನಸ್ಸನ್ನು ಕಲಕುತ್ತದೆ.

ಎರಡನೆಯ ಪುಸ್ತಕ 1985ರಲ್ಲಿಯೂ ಮೂರನೆಯದು 1988ರಲ್ಲಿಯೂ ಬಂದವು. ಮೊದಲ ಪುಸ್ತಕದ ಖಳನಾದ ಲೆಸ್ಟಾಟನೇ ಈಗ ನಾಯಕ. ಲೂಯಿ ಹೇಳಿದ್ದೆಲ್ಲ ನಿಜವಲ್ಲವೆಂದು ಅವನ ವಾದ. ಇದು ಜಾಣ ತಿರುವು, ವಾಚಕರೂ ಮೆಚ್ಚಿದರು. 2003ರ ಹೊತ್ತಿಗೆ ಮಾಲೆಯಲ್ಲಿ ಹತ್ತು ಪುಸ್ತಕಗಳಾದವು, 2018ಕ್ಕೆ ಹದಿಮೂರು. ಆದರೆ ಸಂಖ್ಯೆ ಏರಿದಂತೆ ಹಳೆಯ ವಾಚಕರಲ್ಲಿ ಹಲವರ ಉತ್ಸಾಹ ಇಳಿಯುತ್ತ ಬಂತು. ಕಾರಣವನ್ನು ಅರಿಯಲು ಒಂದೇ ಒಂದು ಎಳೆಯನ್ನು ಹಿಡಿದರೆ ಸಾಕು: ಅದು ಸೂರ್ಯ.

ಮೊದಲ ಪುಸ್ತಕದಲ್ಲಿ ಸೂರ್ಯನ ಬೆಳಕು ವ್ಯಾಂಪೈರನಿಗೆ ಮೃತ್ಯು. ಪ್ಯಾರಿಸಿನಲ್ಲಿ ಕ್ಲಾಡಿಯಾ ಬಿಸಿಲಿಗೆ ಸಿಕ್ಕಿ ಬೂದಿಯಾಗುತ್ತಾಳೆ. ಆ ಪುಟದಲ್ಲಿ ವಾಚಕನ ಎದೆ ಝಲ್ಲೆನ್ನುವುದು, ಆ ಸಾವಿಗೆ ಪರಿಹಾರವಿಲ್ಲವೆಂದು ಅವನಿಗೆ ತಿಳಿದಿರುವುದರಿಂದ. ನಾಲ್ಕನೆಯ ಪುಸ್ತಕದಲ್ಲಿ (1992) ಲೆಸ್ಟಾಟನು ಸಾಯಲೆಂದೇ ಗೋಬಿ ಮರುಭೂಮಿಯಲ್ಲಿ ಸೂರ್ಯನತ್ತ ಹಾರುತ್ತಾನೆ. ಅವನ ಮೈಬಣ್ಣ ಕಂದಿತೇ ಹೊರತು ಪ್ರಾಣ ಹೋಗಲಿಲ್ಲ. ಐದನೆಯದರಲ್ಲಿ (1995) ಆರ್ಮಾಂಡ್ ಎಂಬವನು ಬಿಸಿಲಿಗೆ ಮೈಯೊಡ್ಡಿ ಅಳಿದನೆಂದು ನಾವು ಮರುಗುತ್ತೇವೆ. ಆರನೆಯದರಲ್ಲಿ (1998) ಅವನು ಬದುಕಿಯೇ ಇದ್ದಾನೆ! ಹೀಗಾಗಲು ಲೇಖಕಿ ಕಾರಣ ಕೊಡುವುದಿಲ್ಲವೆಂದಲ್ಲ. ಲೆಸ್ಟಾಟನು ವ್ಯಾಂಪೈರರ ಆದಿಮಾತೆಯಾದ ಈಜಿಪ್ಟಿನ ರಾಣಿಯ ರಕ್ತ ಕುಡಿದು ಬಲಿಷ್ಠನಾಗಿದ್ದನು. ಆದರೆ ಕಾರಣ ಕೊಟ್ಟ ಮಾತ್ರಕ್ಕೆ ನಷ್ಟ ತುಂಬುವುದಿಲ್ಲ. ಇಲ್ಲಿ ಯಾವ ಸಾವೂ ಕೊನೆಯಲ್ಲ ಎಂಬುದನ್ನು ವಾಚಕನು ಕಲಿತುಬಿಡುತ್ತಾನೆ. ಮುಂದಿನ ಅಪಾಯಕ್ಕೆ ಅವನು ಹೆದರುವುದಿಲ್ಲ. ಮುಂದಿನ ಸಾವಿಗೆ ಅಳುವುದೂ ಇಲ್ಲ.

ಭಯ ಹೋದ ಮೇಲೆ ಕಥೆಗೆ ಬೇರೆ ಆಕರ್ಷಣೆ ಬೇಕಾಗುತ್ತದೆ. ಆದ್ದರಿಂದ ಹರವು ಹಿಗ್ಗುತ್ತ ಹೋಗುತ್ತದೆ. ಲೆಸ್ಟಾಟನು ಸ್ವರ್ಗ ನರಕಗಳನ್ನು ನೋಡಿ ಬರುತ್ತಾನೆ. ಲೇಖಕಿಯ ಮತ್ತೊಂದು ಮಾಲೆಯ ಮಾಟಗಾತಿಯರ ಮನೆತನ ಈ ಮಾಲೆಯೊಳಕ್ಕೆ ಬರುತ್ತದೆ. 2016ರ ಪುಸ್ತಕದಲ್ಲಿ ಕಡಲಲ್ಲಿ ಮುಳುಗಿದ ಅಟ್ಲಾಂಟಿಸ್ ನಗರವೂ ಅನ್ಯಗ್ರಹದವರೂ ಸೇರಿಕೊಳ್ಳುತ್ತಾರೆ. ಒಗ್ಗರಣೆ ಹೆಚ್ಚಿದಷ್ಟೂ ಸಾರಿನ ರುಚಿ ಹೆಚ್ಚುವುದಿಲ್ಲವಷ್ಟೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಮೊದಲ ಪುಸ್ತಕದ ಕೊನೆಯಲ್ಲಿ, ಇಷ್ಟೆಲ್ಲ ದುಃಖವನ್ನು ಕೇಳಿದ ಆ ತರುಣನು 'ನನ್ನನ್ನೂ ವ್ಯಾಂಪೈರನನ್ನಾಗಿ ಮಾಡು' ಎಂದು ಬೇಡುತ್ತಾನೆ. ತನ್ನ ಮಾತೆಲ್ಲ ವ್ಯರ್ಥವಾಯಿತಲ್ಲ ಎಂದು ಲೂಯಿ ಕೆರಳುತ್ತಾನೆ. ಅಮರತ್ವದಲ್ಲಿ ಅವನು ನೋವನ್ನು ಕಂಡಿದ್ದ, ತರುಣನು ಶಕ್ತಿಯನ್ನಷ್ಟೇ ಕಂಡ. ಮೂರನೆಯ ಪುಸ್ತಕದಲ್ಲಿ ಅದೇ ತರುಣನು ವ್ಯಾಂಪೈರನಾಗುತ್ತಾನೆ. ಮಾಲೆಯೂ ಅಲ್ಲಿಂದ ಮುಂದೆ ಲೂಯಿಯ ಪಕ್ಷವನ್ನು ಬಿಟ್ಟು ತರುಣನ ಪಕ್ಷವನ್ನು ಸೇರಿತೆಂದು ನಮ್ಮ ಅಭಿಪ್ರಾಯ. ಸೊರಗಿದ್ದು ಇಲ್ಲಿ.

ಹತ್ತನೆಯ ಪುಸ್ತಕ 'ಬ್ಲಡ್ ಕ್ಯಾಂಟಿಕಲ್' 2003ರಲ್ಲಿ ಬಂದಾಗ ವಾಚಕರ ಅಸಮಾಧಾನ ಬಹಿರಂಗವಾಯಿತು. ಲೆಸ್ಟಾಟನ ಮಾತಿನ ಧಾಟಿಯೇ ಬದಲಾಗಿದೆ, ಇವನು ನಮ್ಮ ಲೆಸ್ಟಾಟನಲ್ಲ ಎಂದು ಹಲವರು ಅಂತರಜಾಲದ ಪುಸ್ತಕದಂಗಡಿಯೊಂದರ ಪುಟದಲ್ಲಿ ಬರೆದರು. 2004ರಲ್ಲಿ ಲೇಖಕಿ ಅಲ್ಲಿಯೇ ಸುದೀರ್ಘವಾದ, ಖಾರವಾದ ಉತ್ತರ ಕೊಟ್ಟರು. ತನ್ನ ವಾಕ್ಯಗಳಿಗೆ ಸಂಪಾದಕರು ಕತ್ತರಿ ಹಾಕುವುದಕ್ಕೆ ತಾನು ಅವಕಾಶ ಕೊಡುವುದಿಲ್ಲವೆಂದೂ, ಒಪ್ಪದವರು ಪುಸ್ತಕವನ್ನು ಕಳುಹಿಸಿದರೆ ಹಣ ಹಿಂದಿರುಗಿಸುವೆನೆಂದೂ ಬರೆದರು. 2002ರ ಕೊನೆಯಲ್ಲಿ ಪತಿಯನ್ನು ಕಳೆದುಕೊಂಡಿದ್ದ ಆಕೆಯ ನೋವನ್ನು ನಾವು ಮರೆಯಬಾರದು. ಆದರೆ ವಾಚಕನು ಕೇಳಿದ್ದು ಹಣವನ್ನಲ್ಲ, ತಾನು ನಂಬಿದ ಲೆಸ್ಟಾಟನನ್ನು. ಲೇಖಕಿ 2021ರಲ್ಲಿ ನಿಧನರಾದರು. ಅವರ ಮೊದಲ ಪುಸ್ತಕದ ಬೆಲೆ ಇಂದಿಗೂ ಕುಂದಿಲ್ಲ.

ಹಾಗಾದರೆ ದೀರ್ಘವಾದ ಮಾಲೆಗಳೆಲ್ಲ ಕೆಡಲೇಬೇಕೆ? ಇಲ್ಲ. ಬರ್ಟನನು ವ್ಯಾಂಪೈರ್ ಎಂದು ಕರೆದ ನಮ್ಮ ಬೇತಾಳನನ್ನೇ ನೋಡಿರಿ. ಮೂಲದಲ್ಲಿ ಅವನು ಹೇಳುವ ಕಥೆಗಳು ಇಪ್ಪತ್ತೈದು. 'ಚಂದಮಾಮ' ಮಾಸಪತ್ರಿಕೆಯು ಹೊಸ ಹೊಸ ಕಥೆಗಳನ್ನು ಸೇರಿಸಿ ದಶಕಗಳ ಕಾಲ ಅವನನ್ನು ನಡೆಸಿತು. ಆದರೂ ಕಟ್ಟಳೆ ಸಡಿಲವಾಗಲಿಲ್ಲ. ರಾಜನು ಶವವನ್ನು ಹೊರಬೇಕು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಹೇಳಿದರೆ ಮೌನ ಮುರಿದು ಬೇತಾಳ ಮತ್ತೆ ಮರಕ್ಕೆ! ಬೇತಾಳನ ಶಕ್ತಿ ಹೆಚ್ಚಲಿಲ್ಲ, ವಿಕ್ರಮನಿಗೆ ರಿಯಾಯಿತಿ ಸಿಗಲಿಲ್ಲ. ಬದಲಾದದ್ದು ಪ್ರಶ್ನೆ ಮಾತ್ರ. ಬೇಲಿ ಗಟ್ಟಿಯಾಗಿದ್ದುದರಿಂದಲೇ ತೋಟ ಉಳಿಯಿತು.

ವಿದ್ಯಾರ್ಥಿಮಿತ್ರರೇ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ 'ಈ ಕಥೆ ಬಹಳ ಚೆನ್ನಾಗಿದೆ' ಎಂದು ನೀವೆಲ್ಲರೂ ಬರೆಯುತ್ತೀರಿ. ಏಕೆ ಚೆನ್ನಾಗಿದೆ ಎಂದು ಬರೆಯುವವರು ಕಡಿಮೆ. ಚೆನ್ನಾಗಿಲ್ಲ ಎನ್ನುವ ಧೈರ್ಯ ಮಾಡುವವರು ಇನ್ನೂ ಕಡಿಮೆ. ಎರಡು ಮೂರು ಭಾಷೆಗಳಲ್ಲಿ ಓದುವ ಭಾಗ್ಯ ನಮ್ಮ ಗಡಿನಾಡಿನ ಮಕ್ಕಳಿಗಿದೆ. ಯಾವ ಭಾಷೆಯ ಪುಸ್ತಕವೇ ಇರಲಿ, ಪೂರ್ತಿ ಓದಿರಿ. ಅದು ತಾನೇ ಹಾಕಿಕೊಂಡ ಕಟ್ಟಳೆಯನ್ನು ಪಾಲಿಸಿತೆ, ಅದರ ಮೂಲ ನೋವು ಕೊನೆಯವರೆಗೆ ಉಳಿಯಿತೆ ಎಂದು ಕೇಳಿಕೊಳ್ಳಿರಿ. ಉಳಿಯದಿದ್ದರೆ ಇಂಥ ಪುಟದಲ್ಲಿ ಕೆಟ್ಟಿತು ಎಂದು ಬೆರಳಿಟ್ಟು ತೋರಿಸಿರಿ. ಲೇಖಕನನ್ನು ಹಳಿಯಬೇಡಿರಿ, ಬರಹವನ್ನು ಮಾತ್ರ ತೂಗಿರಿ. ಚೆನ್ನಾಗಿ ಓದಿದವನ ಅಸಮಾಧಾನವೂ ಪುಸ್ತಕಕ್ಕೆ ಸಲ್ಲುವ ಒಂದು ಗೌರವವೇ.