ಲಾತೂರ್ ತೋಟದ ದ್ರಾಕ್ಷಾರಸ

ಹಳೆಯದಾದಷ್ಟೂ ಬೆಲೆಯೇರುವ ಪದಾರ್ಥಗಳು ನಮ್ಮ ಮನೆಗಳಲ್ಲಿ ಬಹಳವಿಲ್ಲ. ಅಕ್ಕಿಯು ಒಂದೆರಡು ವರ್ಷ ಹಳೆಯದಾದರೆ ಅನ್ನ ಉದುರಾಗುವುದೆನ್ನುವೆವು; ಹಳೆಯ ಹುಣಿಸೆಹಣ್ಣನ್ನು ಮದ್ದಿಗೆಂದು ಭರಣಿಯಲ್ಲಿ ಎತ್ತಿಡುವೆವು; ದ್ರಾಕ್ಷಾಸವವೇ ಮೊದಲಾದ ಆಸವಾರಿಷ್ಟಗಳು ಇಟ್ಟಷ್ಟೂ ಗುಣವುಳ್ಳವೆಂಬುದು ಆಯುರ್ವೇದದ ಮತ. ಆದರೂ ಇವುಗಳಲ್ಲಿ ಯಾವುದನ್ನೂ ಮಗುವು ಹುಟ್ಟಿದ ವರ್ಷ ತೆಗೆದಿಟ್ಟು, ಅದರ ಮಕ್ಕಳ ಮದುವೆಯ ವೇಳೆಗೆ ಹೊರತೆಗೆಯುವ ವಾಡಿಕೆಯಿಲ್ಲ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ಅಂತಹ ಒಂದು ಕೆಂಪು ದ್ರಾಕ್ಷಾರಸವುಂಟು. ಅದರ ಹೆಸರು ಶಾತೋ ಲಾತೂರ್. ಮದ್ಯಪಾನವನ್ನು ಹೊಗಳಲು ನಾವು ಈ ಲೇಖನವನ್ನು ಬರೆಯಹೊರಟವರಲ್ಲ. ನಮ್ಮ ವಾಚಕರಲ್ಲಿ ಬಹುಮಂದಿ ಅದನ್ನು ಮುಟ್ಟುವವರಲ್ಲವೆಂಬುದನ್ನೂ ಬಲ್ಲೆವು. ಆದರೆ ತಾನು ಉಣ್ಣಲಾರದುದನ್ನು ಮನುಷ್ಯನು ಅಷ್ಟು ಶ್ರದ್ಧೆಯಿಂದ ಮಾಡಿಡುವನೆಂಬುದು ಕುಡಿಯದವರಿಗೂ ತಿಳಿಯತಕ್ಕ ಸಂಗತಿಯೆಂದು ನಮಗೆ ತೋರಿತು.

‘ಲಾ ತೂರ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಗೋಪುರವೆಂದರ್ಥ. ಬೀದರಿನ ಆಚೆ, ಮಹಾರಾಷ್ಟ್ರದಲ್ಲಿರುವ ಲಾತೂರಿಗೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ಬೇರೆ ನಂಟಿಲ್ಲ. ಬೋರ್ಡೋ ಪಟ್ಟಣದಿಂದ ಉತ್ತರಕ್ಕೆ, ಜಿರೋಂಡ್ ಎಂಬ ಅಗಲವಾದ ಅಳಿವೆಯ ಎಡದಂಡೆಯ ಮೇಲೆ ಮೆಡೋಕ್ ಎಂಬ ನಾಡಿದೆ. ಹಿಂದೆ ಅದರ ಬಹುಭಾಗವು ಜವುಗು ನೆಲ. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಕುಶಲಿಗಳು ಬಂದು ಕಾಲುವೆ ತೋಡಿ ನೀರನ್ನು ಬಸಿದರು. ಆ ನಾಡಿನ ಪೋಯಾಕ್ ಎಂಬ ಊರಿನ ಬಳಿ, ನದಿಯು ಎಂದೋ ತಂದೊಟ್ಟಿದ ನೊರಜುಗಲ್ಲಿನ ದಿಬ್ಬದ ಮೇಲೆ ನಮ್ಮ ಈ ತೋಟವಿರುವುದು. ಅದರ ಹಳೆಯ ಭಾಗವನ್ನು ‘ಆಂಕ್ಲೋ’, ಅಂದರೆ ಆವರಣವೆಂದು ಕರೆಯುವರು; ಅದರ ವಿಸ್ತೀರ್ಣ ಸುಮಾರು 47 ಹೆಕ್ಟೇರು, ನಮ್ಮ ಲೆಕ್ಕದಲ್ಲಿ 116 ಎಕರೆ. ಮೇಲೆ ಹರಳುಕಲ್ಲು, ಕೆಳಗೆ ಜೇಡಿ. ಕಲ್ಲು ಮಳೆಯ ನೀರನ್ನು ನಿಲ್ಲಗೊಡದು. ಜೇಡಿಯು ಬೇಸಗೆಗೆ ಬೇಕಾದಷ್ಟು ತೇವವನ್ನು ಹಿಡಿದಿರುವುದು. ನದಿಯು ಮಗ್ಗುಲಲ್ಲೇ ಇರುವುದರಿಂದ ವಸಂತದ ಹಿಮದ ಪೆಟ್ಟು ಒಳನಾಡಿನ ತೋಟಗಳಿಗೆ ತಗಲುವಷ್ಟು ಇಲ್ಲಿಗೆ ತಗಲದು. ನದಿಯನ್ನು ಕಾಣುವ ಬಳ್ಳಿಯೇ ಮೇಲೆಂದು ಮೆಡೋಕಿನ ಜನರ ಮಾತು.

ಹದಿನೆಂಟನೆಯ ಶತಮಾನದಲ್ಲಿ ಇದು ಸೆಗ್ಯೂರ್ ಮನೆತನಕ್ಕೆ ಸೇರಿತ್ತು. ನೆರೆಯ ಲಾಫೀತ್ ತೋಟವೂ ಅವರದೇ. ಆ ಮನೆತನದ ನಿಕೋಲಾ ಅಲೆಕ್ಸಾಂದ್ರ್ ಎಂಬಾತನಿಗೆ ‘ದ್ರಾಕ್ಷಾಬಳ್ಳಿಗಳ ರಾಜಕುಮಾರ’ನೆಂಬ ಬಿರುದು ಸಂದಿತು. 1855ರಲ್ಲಿ ಪ್ಯಾರಿಸ್ ನಗರದ ಮಹಾಪ್ರದರ್ಶನಕ್ಕಾಗಿ ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಬೋರ್ಡೋದ ದಲ್ಲಾಳಿಗಳು ಮೆಡೋಕಿನ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದಾಗ, ಮೊದಲ ದರ್ಜೆಯಲ್ಲಿ ನಿಂತವು ನಾಲ್ಕೇ: ಲಾಫೀತ್, ಲಾತೂರ್, ಮಾರ್ಗೋ, ಮತ್ತು ಮೆಡೋಕಿನ ಹೊರಗಿನ ಓ ಬ್ರಿಯೋ. ಅವರು ಅಳೆದುದು ಬಹುಮಟ್ಟಿಗೆ ಪೇಟೆಯ ಧಾರಣೆಯಿಂದ. ದಲ್ಲಾಳಿಯ ಅಳತೆಗೋಲು ಬೇರೇನು ತಾನೆ ಇದ್ದೀತು! ಆದರೂ ಆ ಪಟ್ಟಿಯ ಮೊದಲ ದರ್ಜೆಯು 1973ರಲ್ಲಿ ಮೂತೋ ಎಂಬ ತೋಟವು ಮೇಲೇರಿದುದನ್ನು ಬಿಟ್ಟರೆ ಇಂದಿಗೂ ಮಾರ್ಪಟ್ಟಿಲ್ಲ.

ಈ ರಸವು ಅಷ್ಟು ಕಾಲ ಬಾಳುವುದೇಕೆ? ಉತ್ತರವು ನಾವೆಲ್ಲರೂ ಬಲ್ಲ ಒಂದು ರುಚಿಯಲ್ಲಿದೆ, ಅದು ಒಗರು. ಹಸಿಯ ಬಾಳೆಕಾಯಿಯನ್ನು ಕಚ್ಚಿದಾಗ ನಾಲಗೆಯನ್ನು ಹಿಡಿಯುವ ಗುಣವೇ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಇರುವುದು. ಇದಕ್ಕೆ ಕಾರಣವಾದ ದ್ರವ್ಯವನ್ನು ಟ್ಯಾನಿನ್ ಎನ್ನುವರು. ಆಂಕ್ಲೋದ ಬಳ್ಳಿಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಕಾಬರ್ನೇ ಸೋವಿನ್ಯೋ ಜಾತಿಯವು. ಅದರ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಆದುದರಿಂದ ಒಗರೂ ಬಣ್ಣವೂ ಹೆಚ್ಚು. ಹಣ್ಣನ್ನು ಜಜ್ಜಿ ಸಿಪ್ಪೆಯೊಡನೆಯೇ ಹುಳಿಯಿಸುವರು. ಬಳಿಕ ರಸವನ್ನು 225 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿ ಒಂದೂವರೆ ವರ್ಷದಷ್ಟು ಕಾಲ ಇಡುವರು; ಮೂರು ತಿಂಗಳಿಗೊಮ್ಮೆ ಗಸಿಯನ್ನು ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಸಾಗಿಸುವರು. ಬೋರ್ಡೋದ ಹಿರಿಯ ತೋಟಗಳಲ್ಲಿ ಪೀಪಾಯಿಯೊಂದಕ್ಕೆ ಐದಾರು ಕೋಳಿಮೊಟ್ಟೆಯ ಬಿಳಿಯನ್ನು ಕದಡಿ ಹಾಕಿ ರಸವನ್ನು ತಿಳಿಗೊಳಿಸುವ ಪದ್ಧತಿಯೂ ಉಂಟು. ಅನಂತರವೇ ಸೀಸೆಗೆ ತುಂಬಿ ಬಿರಡೆ ಹಾಕುವುದು.

ಸೀಸೆಯೊಳಗೆ ಮುಂದೆ ನಡೆಯುವುದನ್ನು ಮೊದಲು ಶೋಧಿಸಿದವರಲ್ಲಿ ಲೂಯಿ ಪಾಶ್ಚರ್ ಮುಖ್ಯನು. ದ್ರಾಕ್ಷಾರಸದ ಮೇಲಿನ ಅವನ ಗ್ರಂಥವು 1866ರಲ್ಲಿ ಹೊರಟಿತು. ರಸವು ಮಾಗುವುದಕ್ಕೆ ಗಾಳಿಯಲ್ಲಿನ ಆಮ್ಲಜನಕವು ಕಾರಣವೆಂದೂ, ಅದು ಹೆಚ್ಚಾದರೆ ಕೆಡುವುದೆಂದೂ ಅವನು ತೋರಿಸಿದನು. ಸೀಸೆಗೆ ಸೇರಿದ ಬಳಿಕ ಬೇಕಾಗುವ ಗಾಳಿಯು ಅತ್ಯಲ್ಪವೆಂದು ಮುಂದಿನವರು ಕಂಡುಕೊಂಡರು. ಒಗರಿನ ಕಣಗಳು ಒಂದಕ್ಕೊಂದು ಕೂಡಿಕೊಂಡು, ಬಣ್ಣದ ಕಣಗಳನ್ನೂ ಕೂಡಿಸಿಕೊಂಡು, ದೊಡ್ಡವಾಗಿ ಕಡೆಗೆ ಮಡ್ಡಿಯಾಗಿ ತಳಕ್ಕಿಳಿಯುವುವು. ನೇರಳೆಯ ಬಣ್ಣವು ಮಾಣಿಕ್ಯದ ಕೆಂಪಾಗಿ, ಮುಂದೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು. ಹಣ್ಣಿನ ವಾಸನೆಯು ಹಿಂಜರಿದು ದೇವದಾರು, ಹೊಗೆಸೊಪ್ಪು, ಒಣಗಿದ ಎಲೆ ಇವುಗಳ ಪರಿಮಳವು ಮುಂದಾಗುವುದು. ವಿಚಿತ್ರವೇನೆಂದರೆ ಈ ದಾರಿಯು ನೇರವಾದುದಲ್ಲ. ಎಳೆತನದಲ್ಲಿ ಕೆಲವು ವರ್ಷ ಸೊಗಸಾಗಿದ್ದ ರಸವು ನಡುವೆ ಹಲವು ವರ್ಷ ಮೂಕವಾಗಿಬಿಡುವುದುಂಟು. ವಾಸನೆಯಿಲ್ಲ, ಸವಿಯಿಲ್ಲ, ಒಗರೊಂದೇ. ಆಗ ತೆರೆದವನು ಮೋಸಹೋದೆನೆಂದು ಮರುಗುವನು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಹಳೆಯ ವೈನೆಲ್ಲ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಲೋಕದಲ್ಲಿ ತಯಾರಾಗುವ ವೈನುಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸತಕ್ಕವು, ಇಟ್ಟರೆ ಸಪ್ಪೆಯಾಗುವುವು. ಒಗರು, ಹುಳಿ, ಹಣ್ಣಿನ ಸತ್ತ್ವ ಮೂರೂ ಸರಿತೂಕವಾಗಿ ಬಲವಾಗಿದ್ದರೆ ಮಾತ್ರ ಕಾಲವು ಅದಕ್ಕೆ ಮಿತ್ರ. ಲಾತೂರಿನ ಒಳ್ಳೆಯ ಫಸಲಿಗೆ ಹದಿನೈದು ಇಪ್ಪತ್ತು ವರ್ಷ ಹಿಡಿಯುವುದು. ಉತ್ತಮೋತ್ತಮವಾದುದು ಐವತ್ತು ವರ್ಷ ಕಳೆದರೂ ಬಾಳುವುದು. ಎಲ್ಲ ವರ್ಷವೂ ಒಂದೇ ಅಲ್ಲ. 1961ರ ವಸಂತದಲ್ಲಿ ಹಿಮ ಬಿದ್ದು, ಹೂವು ಉದುರಿ, ಫಸಲು ತೀರ ಕಡಿಮೆಯಾಯಿತು. ಉಳಿದ ಸ್ವಲ್ಪ ಹಣ್ಣಿನಲ್ಲಿಯೇ ಬಳ್ಳಿಯ ಸಾರವೆಲ್ಲ ತುಂಬಿತು. ರೈತನಿಗೆ ನಷ್ಟದ ವರ್ಷವಾಗಿದ್ದುದು ಇಂದು ಇಡೀ ಶತಮಾನದ ಹೆಸರಾಂತ ಫಸಲುಗಳಲ್ಲೊಂದು.

ಅದಕ್ಕಿಂತಲೂ ನಮ್ಮ ಮನಸ್ಸನ್ನು ಹಿಡಿದುದು 1928 ಮತ್ತು 1929ರ ಜೋಡಿ. ಅಕ್ಕಪಕ್ಕದ ವರ್ಷಗಳು, ಅದೇ ನೆಲ, ಅದೇ ಬಳ್ಳಿ, ಅದೇ ಕೈ. 1929ರದು ಮೃದುವಾಗಿ ಬೇಗನೆ ಒಲಿಯಿತು. 1928ರದು ಒಗರಿನ ಗಟ್ಟಿತನದಿಂದ ದಶಕ ದಶಕಗಳ ಕಾಲ ಯಾರಿಗೂ ಬಾಗಲಿಲ್ಲ. ಅರ್ಧ ಶತಮಾನವಾದ ಮೇಲೆ ಅದು ಹದಕ್ಕೆ ಬಂದಿತೆಂದು ಬಲ್ಲವರು ಹೇಳುವರು. ಆ ವರ್ಷ ಬುಟ್ಟಿ ಹೊತ್ತು ಹಣ್ಣು ಕೊಯ್ದವರಲ್ಲಿ, ಪೀಪಾಯಿ ಕಾದವರಲ್ಲಿ, ನಡುವಯಸ್ಸಿನವರೊಬ್ಬರೂ ಅದರ ಹದವನ್ನು ಕಂಡಿರಲಾರರು. ಅವರು ರುಚಿ ನೋಡಿದಾಗಲೆಲ್ಲ ಕಂಡುದು ಬರಿಯ ಒಗರು. ನಂಬಿಕೆಯಿಂದ ಬಿರಡೆ ಹಾಕಿದರು, ಅಷ್ಟೆ.

ಇಷ್ಟು ಕಾಯಬೇಕಾದ ಪದಾರ್ಥವನ್ನು ಮಾರುವ ಕ್ರಮವು ಮಾತ್ರ ಬಹಳ ಅವಸರದ್ದು. ಬೋರ್ಡೋದಲ್ಲಿ ಫಸಲಾದ ಮುಂದಿನ ವಸಂತದಲ್ಲಿಯೇ, ರಸವು ಇನ್ನೂ ಪೀಪಾಯಿಯಲ್ಲಿರುವಾಗ, ವ್ಯಾಪಾರಿಗಳು ರುಚಿ ನೋಡಿ ಬೆಲೆ ಕಟ್ಟುವರು. ಕೊಳ್ಳುವವನು ಮುಂಗಡವಾಗಿ ಹಣ ತೆತ್ತು ಎರಡು ವರ್ಷದಷ್ಟು ಕಾಯುವನು. ಸೀಸೆ ಕೈಗೆ ಬಂದಾಗ ಕೆಲವರು ತಾಳ್ಮೆಯಿಲ್ಲದೆ ಕೂಡಲೆ ತೆರೆಯುವರು. ಇನ್ನು ಕೆಲವರು ಬಂಗಾರದಂತೆ ಕೈಯಿಂದ ಕೈಗೆ ಮಾರುತ್ತ ಎಂದೂ ತೆರೆಯರು. 1993ರಿಂದ ಲಾತೂರಿನ ಒಡೆತನವು ಫ್ರಾಂಸ್ವಾ ಪಿನೋ ಎಂಬ ಧನಿಕರ ವಶದಲ್ಲಿದೆ. 2012ರಲ್ಲಿ ತೋಟದವರು ಈ ಮುಂಗಡದ ಮಾರಾಟವನ್ನು ಕೈಬಿಡುವುದಾಗಿ ಸಾರಿದರು. 2011ರ ಫಸಲೇ ಕಡೆಯದು. ಅಲ್ಲಿಂದ ಮುಂದಿನವು ಹದವಾಯಿತೆಂದು ತಮಗೆ ತೋರುವವರೆಗೂ ತಮ್ಮ ನೆಲಮಾಳಿಗೆಯಲ್ಲಿಯೇ ಇರುವುವು. ವರ್ತಕರು ಗೊಣಗಿದರು. ಹೆಚ್ಚಿನ ಬೆಲೆಯ ಆಸೆಯೂ ಇದರಲ್ಲಿದ್ದೀತು, ಇಲ್ಲವೆನ್ನಲಾರೆವು. ಆದರೂ ಅಡಿಗೆಯವನೇ ಅನ್ನ ಬೆಂದಿತೆಂದು ಹೇಳಲಿ ಎಂಬುದು ನ್ಯಾಯವಾದ ಮಾತಾಗಿಯೇ ನಮಗೆ ತೋರುತ್ತದೆ.

ಕಾದಿಡುವುದರಲ್ಲಿ ತಪ್ಪಿದರೆ ಹೆಸರೂ ಉಳಿಸದು, ಹಣವೂ ಉಳಿಸದು. ಬೇಕಾದುದು 12 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬದಲಾಗದ ತಂಪು, ಕತ್ತಲೆ, ಗಾಳಿಯಲ್ಲಿ ತಕ್ಕಷ್ಟು ತೇವ. ಬಿರಡೆ ಒಣಗದಂತೆ ಸೀಸೆಯನ್ನು ಮಲಗಿಸಿಡಬೇಕು. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಸಾಮಾನ್ಯ ಉಗ್ರಾಣದೊಳಗಿಟ್ಟರೆ ಎಂತಹ ರಸವೂ ಬೇಗನೆ ಮುಪ್ಪಾಗುವುದು. 1985ರಲ್ಲಿ ಲಂಡನ್ನಿನ ಹರಾಜಿನಲ್ಲಿ, 1787ರ ಲಾಫೀತ್ ಎಂದು ಹೇಳಲಾದ ಒಂದು ಸೀಸೆಯು 1,05,000 ಪೌಂಡಿಗೆ ಹೋಯಿತು. ಅದನ್ನು ನ್ಯೂಯಾರ್ಕಿನಲ್ಲಿ ದೀಪಗಳ ಕೆಳಗೆ ನಿಲ್ಲಿಸಿ ಪ್ರದರ್ಶಿಸಿದರು. ಬಿರಡೆಯು ಒಣಗಿ ಕುಗ್ಗಿ ಒಳಕ್ಕೆ ಬಿದ್ದುಬಿಟ್ಟಿತು. ಆ ಗುಂಪಿನ ಸೀಸೆಗಳು ನಿಜವಾದುವೇ ಎಂಬುದರ ಮೇಲೆ ಮುಂದೆ ವ್ಯಾಜ್ಯಗಳೇ ನಡೆದುವು.

ಸರಿಯಾಗಿ ಬಾಳಿದ ಸೀಸೆಯನ್ನು ತೆರೆಯುವುದಕ್ಕೂ ಒಂದು ವಿಧಿಯುಂಟು. ಒಂದೆರಡು ದಿನ ಮೊದಲೇ ಅದನ್ನು ನೆಟ್ಟಗೆ ನಿಲ್ಲಿಸುವರು, ಮಡ್ಡಿಯು ತಳಕ್ಕಿಳಿಯುವುದು. ಬಿರಡೆಯು ಮೆತ್ತಗಾಗಿರುವುದರಿಂದ ಮೆಲ್ಲನೆ ತೆಗೆದು, ಸೀಸೆಯ ಕೊರಳ ಹಿಂದೆ ಮೊಂಬತ್ತಿಯನ್ನಿಟ್ಟು, ಗಾಜಿನ ಪಾತ್ರೆಗೆ ಒಂದೇ ಧಾರೆಯಾಗಿ ಬಗ್ಗಿಸುವರು. ತೀರ ಹಳೆಯದಾದರೆ ಆ ಪರಿಮಳವು ಗಾಳಿ ತಗಲಿ ಸ್ವಲ್ಪ ಹೊತ್ತಿನಲ್ಲಿಯೇ ಮಾಸುವುದುಂಟು. ಆದುದರಿಂದ ಅತಿಥಿಗಳೆಲ್ಲ ಬಂದು ಕುಳಿತ ಬಳಿಕವೇ ಈ ಕೆಲಸ. ಬೆಳಕಿನಲ್ಲಿ ಮೊದಲ ಕಪ್ಪು ಎಳೆಯು ಕೊರಳಿಗೆ ಬಂದುದು ಕಂಡೊಡನೆ ಕೈ ನಿಲ್ಲಬೇಕು. ತಳದಲ್ಲಿ ಉಳಿದ ಒಂದೆರಡು ಗುಟುಕನ್ನು ಚೆಲ್ಲಿಬಿಡುವರು.