ಬಸುರಿಯ ಬಿಪಿ: ನೋವಿಲ್ಲ ಅಂತ ಸುಮ್ಮನಿರಬೇಡಿ

ಬಸುರಿ ಅಂದಮೇಲೆ ಕಾಲು ಊದೋದು ಸಹಜ, ಆಗಾಗ ತಲೆನೋವು ಬರೋದು ಸಹಜ, ಸುಸ್ತಂತೂ ಇದ್ದಿದ್ದೇ. ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವ ಮಾತಿದು, ಬಹುಪಾಲು ನಿಜವೂ ಹೌದು. ಆದರೆ ಪ್ರಿಎಕ್ಲಾಂಪ್ಸಿಯಾ ಎಂಬ ಅಪಾಯಕಾರಿ ಕಾಯಿಲೆಯೂ ಇದೇ ವೇಷದಲ್ಲಿ ಬರುತ್ತದೆ. ಶುರುವಿನಲ್ಲಿ ಎಷ್ಟೋ ಜನರಿಗೆ ಏನೂ ಅನಿಸುವುದೇ ಇಲ್ಲ. ಅಳೆದರಷ್ಟೇ ಗೊತ್ತಾಗುವುದು.

ನನಗೆ ಗೊತ್ತಾಗಿದ್ದು 33ನೇ ವಾರದ ಮಾಮೂಲಿ ಚೆಕಪ್‌ನಲ್ಲಿ. ಆಫೀಸಿನಲ್ಲಿ ಅವತ್ತು ರಿಲೀಸ್ ಇತ್ತು, ಟೀಮಿಗೆ ಹೇಳಿ ಹೊರಟಿದ್ದೆ. ಮೈಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಮೊದಲ ತಿಂಗಳುಗಳಲ್ಲಿ 104/66 ಇದ್ದ ಬಿಪಿ 148/96 ತೋರಿಸಿತು. ನರ್ಸ್ ನನ್ನನ್ನು ಕೂರಿಸಿಕೊಂಡು ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದರು. ಇಳಿದಿರಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಕೂಡ ಇತ್ತು. ಅವತ್ತೇ ಅಡ್ಮಿಟ್.

20 ವಾರ ದಾಟಿದ ಮೇಲೆ ಬಿಪಿ ಎರಡು ಸಲ 140/90 ಅಥವಾ ಅದಕ್ಕಿಂತ ಹೆಚ್ಚು ಬಂದು, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಪ್ರೋಟೀನ್ ಇಲ್ಲದಿದ್ದರೂ ಪ್ಲೇಟ್‌ಲೆಟ್ ಇಳಿದಿದ್ದರೆ, ಲಿವರ್ ಅಥವಾ ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಅದೇ ಕಾಯಿಲೆ ಅಂತ ಈಗ ವೈದ್ಯರು ಪರಿಗಣಿಸುತ್ತಾರೆ. ಅದಕ್ಕೇ ರಕ್ತ ಪರೀಕ್ಷೆ, ಮಗುವಿನ ಬೆಳವಣಿಗೆ ನೋಡಲು ಸ್ಕ್ಯಾನ್. ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದಲ್ಲಿ ಸರಿಯಾಗಿ ಬೇರೂರದಿದ್ದಾಗ ಅದರಿಂದ ಹೊರಡುವ ಕೆಲವು ಅಂಶಗಳು ತಾಯಿಯ ರಕ್ತನಾಳಗಳನ್ನು ಕೆಡಿಸುತ್ತವೆ. ಹಾಗಾಗಿ ಇದು ಬರೀ ಬಿಪಿ ಕಾಯಿಲೆಯಲ್ಲ. ಟೆನ್ಷನ್ ಮಾಡ್ಕೊಂಡಿದ್ದಕ್ಕೆ, ಉಪ್ಪು ತಿಂದಿದ್ದಕ್ಕೆ ಬಂತು ಅಂತ ಯಾರನ್ನೂ ದೂರಬೇಕಿಲ್ಲ.

ಮಗುವಿನ ಶ್ವಾಸಕೋಶ ಬಲಿಯಲಿ ಅಂತ ನನಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಐದನೇ ದಿನ ರಾತ್ರಿ ತಲೆ ಸಿಡಿಯತೊಡಗಿತು, ಕಣ್ಣೆದುರು ಮಿಂಚಿದಂತಾಯಿತು. ಬಿಪಿ 166/112. ಫಿಟ್ಸ್ ಬರದಂತೆ ಮೆಗ್ನೀಸಿಯಂ ಸಲ್ಫೇಟ್ ಹಾಕಿ, ಬೆಳಗಿನ ಜಾವ ಆಪರೇಷನ್ ಮಾಡಿದರು. ಸುಮಾರು 10,000 ಗರ್ಭಿಣಿಯರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ ಈ ಔಷಧ ಫಿಟ್ಸ್ ಅಪಾಯವನ್ನು ಅರ್ಧಕ್ಕಿಂತ ಕಡಿಮೆ ಮಾಡಿತ್ತು. ಮಗಳು 1.8 ಕೆಜಿ ಇದ್ದಳು, ಹನ್ನೆರಡು ದಿನ ಎನ್‌ಐಸಿಯುನಲ್ಲಿದ್ದಳು. ಈಗ ಮನೆ ತುಂಬ ಓಡಾಡುತ್ತಾಳೆ.

ನೀವು ಬಸುರಿಯಾಗಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಇದ್ದರೆ, ಇಷ್ಟು ನೆನಪಿಡಿ.

ಪ್ರತಿ ಚೆಕಪ್‌ನಲ್ಲೂ ಬಿಪಿ, ಮೂತ್ರ ಎರಡನ್ನೂ ನೋಡಿಸಿ. "ನಾರ್ಮಲ್" ಅಂದರೂ ಅಂಕಿ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಉಸಿರಾಟದ ತೊಂದರೆ, ಮುಖ ಮತ್ತು ಕೈ ದಿಢೀರ್ ಊದುವುದು, ಮಗುವಿನ ಒದೆತ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಗ್ಯಾಸ್ಟ್ರಿಕ್ ಇರಬಹುದು ಅಂತ ಮಾತ್ರೆ ನುಂಗಿ ಮಲಗಬೇಡಿ.

ಚೊಚ್ಚಲ ಬಸಿರು, ಅವಳಿ ಮಕ್ಕಳು, ಮೊದಲಿಂದಲೇ ಬಿಪಿ ಅಥವಾ ಸಕ್ಕರೆ ಕಾಯಿಲೆ, ಅಮ್ಮನಿಗೋ ಅಕ್ಕನಿಗೋ ಹೀಗಾಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಅಪಾಯ ಹೆಚ್ಚಿರುವವರಿಗೆ ವೈದ್ಯರು 16 ವಾರದೊಳಗೆ ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡಬಹುದು. ನೀವಾಗೇ ತಗೋಬೇಡಿ.

ಹೆರಿಗೆ ಆದ ತಕ್ಷಣ ಅಪಾಯ ಮುಗಿಯುವುದಿಲ್ಲ. ಆರು ವಾರದವರೆಗೂ ಇದು ಕಾಣಿಸಿಕೊಳ್ಳಬಹುದು. ಬಾಣಂತನದಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲಿರುತ್ತದೆ. ಬಾಣಂತಿಯ ಬಿಪಿಯನ್ನೂ ಒಬ್ಬರು ನೋಡುತ್ತಿರಲಿ.