ಓವನ್, ಇಂಡಕ್ಷನ್ ಒಲೆ ಮತ್ತು ಒಂದು ಎಂಸಿಬಿ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಗೃಹ ವಿದ್ಯುತ್ ಮಂಡಲದ ಬಗ್ಗೆ ಒಂದು ಪ್ರಶ್ನೆ ಇದೆ: 2 ಕಿಲೋವ್ಯಾಟ್ ಓವನ್ ಅನ್ನು 220 ವೋಲ್ಟ್, 5 ಆಂಪಿಯರ್ ಮಂಡಲದಲ್ಲಿ ಬಳಸಿದರೆ ಏನಾಗುತ್ತದೆ? ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಪಾಠಯೋಜನೆಯಲ್ಲಿ ಇದಕ್ಕೆ ಐದು ನಿಮಿಷ ಇಟ್ಟಿದ್ದೆ. ಅದು ಇಡೀ ಅವಧಿಯನ್ನು ತೆಗೆದುಕೊಂಡಿತು.

ಲೆಕ್ಕ ಸುಲಭ. ಸಾಮರ್ಥ್ಯವನ್ನು ವಿಭವಾಂತರದಿಂದ ಭಾಗಿಸಿದರೆ 2000 ÷ 220 = 9.1 ಆಂಪಿಯರ್. ಇದು 5ಕ್ಕಿಂತ ಹೆಚ್ಚು, ಆದ್ದರಿಂದ ಫ್ಯೂಸ್ ಕರಗುತ್ತದೆ ಎಂದು ಬರೆದು ಮುಗಿಸಿದೆ. ಆಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

"ಮಿಸ್, ನಮ್ಮನೇಲೂ ಹಿಂಗೇ ಆಗ್ತಿತ್ತು. ಅಮ್ಮ ಕೇಕ್ ಓವನ್ನೂ ಇಂಡಕ್ಷನ್ ಒಲೇನೂ ಒಟ್ಟಿಗೆ ಹಾಕಿದ್ರೆ ಎಂಸಿಬಿ ಬೀಳ್ತಿತ್ತು. ಹತ್ತರದ್ದು ತೆಗೆಸಿ ಮೂವತ್ತೆರಡರದ್ದು ಹಾಕಿಸಿದ್ವಿ. ಈಗ ಸರಿಹೋಗಿದೆ."

ಉಳಿದವರು ತಲೆಯಾಡಿಸಿದರು. ನಾನು ಬೆಚ್ಚಿದೆ. ಫ್ಯೂಸ್ ಕರಗುತ್ತದೆ ಎಂದಷ್ಟೇ ಹೇಳಿದರೆ, ದೊಡ್ಡದು ಹಾಕಿದರಾಯಿತು ಎಂದು ಮಕ್ಕಳು ತಿಳಿಯುವುದು ಸಹಜ. ಅದು ಏನನ್ನು ಕಾಪಾಡುತ್ತದೆ ಎಂದು ನಾನು ಹೇಳಿರಲೇ ಇಲ್ಲ.

ಪಾಠವನ್ನು ಅಲ್ಲಿಂದಲೇ ಮುಂದುವರಿಸಿದೆ. ಫ್ಯೂಸ್ ಆಗಲಿ, ಎಂಸಿಬಿ ಆಗಲಿ, ಮುಖ್ಯವಾಗಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ಮನೆಯ ಉಪಕರಣಗಳು ಸಮಾಂತರವಾಗಿ ಜೋಡಿಸಿರುವುದರಿಂದ ಅವುಗಳ ಪ್ರವಾಹ ಕೂಡುತ್ತದೆ. ಓವನ್ 9.1, 2000 ವ್ಯಾಟ್‌ನ ಒಲೆ 9.1, ಒಟ್ಟು 18.2 ಆಂಪಿಯರ್. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಉಷ್ಣ ನಾಲ್ಕು ಪಟ್ಟು. 10ರ ಎಂಸಿಬಿ ಇದನ್ನು ತಡೆಯುತ್ತಿತ್ತು. 32ರದ್ದಕ್ಕೆ 18 ದೊಡ್ಡದಲ್ಲ, ಅದು ಬೀಳುವುದಿಲ್ಲ. ತೆಳು ತಂತಿ ಮಾತ್ರ ಕಾಯುತ್ತದೆ, ಹೊದಿಕೆ ಮೆತ್ತಗಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಹಾಗಾದರೆ ವೈರಿಂಗ್ ಹೇಗಿರಬೇಕು? ಎರಡಕ್ಕೂ ಸೇರಿ ಒಂದೇ ದಪ್ಪ ತಂತಿ ಸಾಲದೇ ಎಂದು ಒಬ್ಬ ಕೇಳಿದ. ತಂತಿ ತಾಳಬಹುದು, ಆದರೆ 16 ಆಂಪಿಯರ್ ಸಾಕೆಟ್‌ಗೆ ಎಕ್ಸ್‌ಟೆನ್ಶನ್ ಹಾಕಿ ಎರಡನ್ನೂ ನಡೆಸಿದರೆ ಸಾಕೆಟ್ ತಾಳದು. ಕೊನೆಗೆ ತರಗತಿ ಒಪ್ಪಿದ್ದು ಇಷ್ಟು:

1. ಬೋರ್ಡಿನಿಂದ ಪ್ರತಿಯೊಂದಕ್ಕೂ ಬೇರೆ ಲೈನ್, ಬೇರೆ 16 ಆಂಪಿಯರ್ ಎಂಸಿಬಿ.
2. ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ತಂತಿ. ದೂರ ಹೆಚ್ಚಿದ್ದರೆ 4.
3. ಭೂಸಂಪರ್ಕವಿರುವ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್. (ಪುಸ್ತಕದ 5 ಮತ್ತು 15 ಆಂಪಿಯರ್ ಅಂಗಡಿಯಲ್ಲಿ 6 ಮತ್ತು 16.)
4. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡುವುದು. ಇವೆರಡೇ 4 ಕಿಲೋವ್ಯಾಟ್. ಸಾಲದಿದ್ದರೆ ಮೆಸ್ಕಾಂಗೆ ಅರ್ಜಿ ಕೊಡಬೇಕು.

ಕೆಲಸ ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಆಗಬೇಕು ಎಂದು ಒತ್ತಿ ಹೇಳಿದೆ.

ಎರಡು ದಿನ ಬಿಟ್ಟು ಆ ಹುಡುಗಿ ಬಂದಳು. "ಹಳೇ ಎಂಸಿಬಿ ವಾಪಸ್ ಹಾಕಿಸಿದ್ವಿ ಮಿಸ್. ಹೊಸ ಲೈನ್ ಆಗೋವರೆಗೂ ಅಮ್ಮ ಕೇಕ್ ಇಟ್ಟಾಗ ಅಡುಗೆ ಗ್ಯಾಸ್ ಮೇಲೆ."

ಮುಂದೆ ಶಿವಮೊಗ್ಗದ ಶಾಲೆಯಲ್ಲಿ ಇದೇ ಪಾಠ ಮಾಡುವಾಗ ಕ್ರಮ ಬದಲಿಸಿದೆ. ಮನೆಯ ಉಪಕರಣಗಳ ಮೇಲಿನ ವ್ಯಾಟ್ ಮತ್ತು ಎಂಸಿಬಿ ಮೇಲಿನ ಅಂಕಿ ಬರೆದು ತರಲು ಹಿಂದಿನ ದಿನವೇ ಹೇಳಿದೆ. ಯಾವುದನ್ನೂ ಮುಟ್ಟದೆ, ನೋಡಿ ಮಾತ್ರ. ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆಯೂ ಇದೇ: ಫ್ಯೂಸ್ ಕರಗುತ್ತದೆ ಎಂಬ ಉತ್ತರ ಬಂದ ಮೇಲೆ, "ಹಾಗಾದರೆ ನೀವೇನು ಮಾಡುತ್ತೀರಿ?" ಎಂದು ಮಕ್ಕಳನ್ನು ಕೇಳಿ.